ಬರೆಯದೆ ಬಿಟ್ಟ ಮನೆ

ಹೋದ ತಿಂಗಳು ಹೈದರಾಬಾದಿನಲ್ಲಿ ನಮ್ಮ ಪಕ್ಕದ ಮನೆಯವರು ಅಂಗಳಕ್ಕೆ ಕಲ್ಲು ಹಾಸಿಸುತ್ತಿದ್ದರು. ಕೆಲಸದವನು ನೀರು ಹನಿಸಿಕೊಳ್ಳುತ್ತ ಯಂತ್ರದಲ್ಲಿ ಕಲ್ಲು ಕೊಯ್ಯುತ್ತಿದ್ದ. ಹಸಿ ಕಲ್ಲುಪುಡಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹೊರಗೆ ಹೋಗಿ, ಈ ಕಲ್ಲು ಯಾವ ಊರಿನದು ಎಂದು ಕೇಳಿದೆ. ಕೇಳುವ ಅಗತ್ಯವೇನೂ ಇರಲಿಲ್ಲ. ತಾಂಡೂರಿನ ಪರ್ಸಿ ಎಂಬ ಹಾಸುಗಲ್ಲು ಒದ್ದೆಯಾದಾಗ ಬರುವ ವಾಸನೆಯನ್ನು ನಾನು ಒಂದು ಇಡೀ ಮಳೆಗಾಲ ಉಸಿರಾಡಿದ್ದೇನೆ.

ನನಗಾಗ ಇಪ್ಪತ್ತೆಂಟು ವರ್ಷ. ಜಹೀರಾಬಾದಿನಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಬಸ್ ಡಿಪೋದಲ್ಲಿ ನೌಕರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಎಂದು ಮೂರು ನಾಲಿಗೆಯಲ್ಲಿ ಬದುಕಿದ ಮನೆತನ ನಮ್ಮದು. ಹೈದರಾಬಾದಿನಲ್ಲಿ ಚಿತ್ರಕಲೆ ಓದಿ ಅಲ್ಲೇ ಒಂದು ಕಲಾಸಂಸ್ಥೆಯಲ್ಲಿ ಪ್ರದರ್ಶನಗಳನ್ನು ಸಜ್ಜು ಮಾಡುವ ಕೆಲಸಕ್ಕೆ ಸೇರಿದ್ದೆ. ಸಂಸ್ಥೆಯ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎಂದೇ ಕರೆಯುತ್ತಿದ್ದೆವು. ಜನರ ಬಗ್ಗೆ ಪ್ರದರ್ಶನ ಮಾಡುವುದು ಸಾಕು, ಜನರೇ ಮಾಡುವ ಪ್ರದರ್ಶನ ಬೇಕು ಎಂಬುದು ಅವರ ಆಸೆ. ಆ ಸೀಮೆಯ ಮಾತು ಬಲ್ಲವಳೆಂದು ನನ್ನನ್ನು ತಾಂಡೂರಿಗೆ ಕಳಿಸಿದರು.

ತಾಂಡೂರಿನ ಹೊರಗೆ ಒಂದು ಕಾಲನಿ ಇದೆ. ಅಲ್ಲಿಯವರೆಲ್ಲ ಮೊದಲು ಮೂರು ಮೈಲಿ ಆಚೆ ಒಂದು ಸಣ್ಣ ಊರಿನಲ್ಲಿದ್ದವರು. ನಾನು ಹೋಗುವುದಕ್ಕೆ ಹದಿನೆಂಟು ವರ್ಷ ಮೊದಲು, ಕಲ್ಲುಗಣಿ ಊರಿನ ಬುಡಕ್ಕೆ ಬಂದಾಗ, ಎಲ್ಲರನ್ನೂ ಇಲ್ಲಿಗೆ ಸಾಗಿಸಿದರು. ಈಗ ಆ ಊರಿದ್ದ ಜಾಗದಲ್ಲಿ ಹಸಿರು ನೀರು ತುಂಬಿದ ದೊಡ್ಡ ಗುಂಡಿ. ಊರಿನ ಒಂದು ಫೋಟೋ ಕೂಡ ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ನಾವು ಹೂಡಿದ ಯೋಜನೆ ಸರಳವಾಗಿತ್ತು. ಮುಚ್ಚಿಹೋದ ಒಂದು ಪಾಲಿಶ್ ಕಾರ್ಖಾನೆಯ ಶೆಡ್ಡನ್ನು ಮಾಲೀಕರು ಬಳಸಲು ಬಿಟ್ಟುಕೊಟ್ಟಿದ್ದರು. ಅದರ ನೆಲದ ತುಂಬ ಪರ್ಸಿ ಹಾಸಿತ್ತು. ಆ ನೆಲದ ಮೇಲೆ ಊರಿನವರು ತಮ್ಮ ತಮ್ಮ ಮನೆಯನ್ನು ಸೀಮೆಸುಣ್ಣದಿಂದ ಬರೆಯಬೇಕು. ಎಲ್ಲಿ ಬಾಗಿಲು, ಎಲ್ಲಿ ಒಲೆ, ಎಲ್ಲಿ ದನ ಕಟ್ಟುವ ಗೂಟ. ಕೊನೆಗೆ ಆ ಪರ್ಸಿಗಳನ್ನು ಕಿತ್ತು, ಹೈದರಾಬಾದಿಗೆ ಒಯ್ದು, ಅಲ್ಲಿ ಅದೇ ಕ್ರಮದಲ್ಲಿ ಹಾಸುವುದು.

ಕಾಲನಿಯಲ್ಲಿ ನನ್ನನ್ನು ಮೊದಲು ನಂಬಿದವರು ಮಾಣಿಕಪ್ಪ. ನಲವತ್ತು ವರ್ಷ ಗಣಿಯಲ್ಲಿ ದುಡಿದು ಕೆಮ್ಮು ಕಟ್ಟಿಕೊಂಡಿದ್ದವರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಅವರು ನನ್ನನ್ನು ಶಾಲೆಯ ಟೀಚರನ್ನು ಕರೆದಂತೆ ಅಕ್ಕೋರೆ ಅನ್ನುತ್ತಿದ್ದರು. ಶೆಡ್ಡಿನ ಒಂದು ಬೀಗದ ಕೈ ಅವರಲ್ಲೇ ಇತ್ತು. ಆಷಾಢದಲ್ಲಿ ಮಳೆ ಹಿಡಿದು ಗಣಿ ಕೆಲಸ ನಿಂತ ದಿನಗಳಲ್ಲಿ ಜನ ಮಧ್ಯಾಹ್ನದ ಊಟ ಮುಗಿಸಿ ಬರುತ್ತಿದ್ದರು. ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಕೈಸನ್ನೆ ಮಾಡಿಕೊಳ್ಳುತ್ತ, ಹೆಜ್ಜೆಯಲ್ಲಿ ಅಳೆಯುತ್ತ, ಜಗಳವಾಡುತ್ತ ಬರೆದರು. ಹತ್ತು ದಿನಕ್ಕೆ ಒಂದು ಓಣಿ ಎದ್ದು ನಿಂತಿತು. ಸೊಸೆಯಂದಿರು ನಕ್ಕು, ಬಾಗಿಲಿಲ್ಲದ ಬಾಗಿಲ ಮುಂದೆ ನಿಂತು ಒಳಗೆ ಬರಲೇ ಎಂದು ಕೇಳಿ ಬರುತ್ತಿದ್ದರು.

ಆ ಓಣಿಯಲ್ಲಿ ಮಾಣಿಕಪ್ಪನ ಮನೆಗೂ ಶರಣಮ್ಮನ ಮನೆಗೂ ನಡುವೆ ಹತ್ತು ಮೊಳ ಜಾಗ ಖಾಲಿ ಬಿಟ್ಟಿದ್ದರು.

ಶರಣಮ್ಮ ಎಂದರೆ ಕಾಲನಿಯಲ್ಲೇ ಹಿರಿಯ ಹೆಂಗಸು, ಹಣೆ ತುಂಬ ವಿಭೂತಿ, ಕಡಿಮೆ ಮಾತು. ಆ ಜಾಗ ಏಕೆ ಬಿಟ್ಟಿದೆ ಎಂದು ಕೇಳಿದಾಗ ಅವರು ಕಿವುಡಿಯಂತೆ ತಮ್ಮ ಒಲೆಯ ಗೆರೆ ತಿದ್ದತೊಡಗಿದರು. ಮಾಣಿಕಪ್ಪ, "ಅಲ್ಲೇನಿಲ್ರಿ ಅಕ್ಕೋರೆ, ಖಾಲಿ ಜಾಗಾ" ಅಂದರು. ಖಾಲಿ ಜಾಗ ಎಲ್ಲ ಊರಿನಲ್ಲೂ ಇರುತ್ತದೆ. ನಾನು ಬಿಟ್ಟುಬಿಟ್ಟೆ. ಆದರೆ ಆಮೇಲೆ ನೋಡುತ್ತ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ಆ ಜಾಗವನ್ನು ಯಾರೂ ತುಳಿಯುತ್ತಿರಲಿಲ್ಲ. ಬೇರೆ ಮನೆಗಳ ಗೆರೆಗಳನ್ನು ಎಲ್ಲರೂ ಸಲೀಸಾಗಿ ದಾಟುವರು, ಮಕ್ಕಳಂತೂ ಅಳಿಸಿಯೇ ಬಿಡುವರು. ಆದರೆ ಈ ಹತ್ತು ಮೊಳದ ಹತ್ತಿರ ಬಂದಾಗ ಹೆಂಗಸರು ಸೆರಗು ಎಳೆದುಕೊಂಡು, ಗೋಡೆಯ ಪಕ್ಕ ಹಾಯುವವರ ಹಾಗೆ ಸುತ್ತು ಹಾಕಿ ಹೋಗುವರು. ಓಣಿಯ ಗೆರೆ ಕೂಡ ಅಲ್ಲಿ ಒಂದಿಷ್ಟು ಹೊರಗೆ ಬಾಗಿತ್ತು, ಯಾರದೋ ಕಟ್ಟೆಗೆ ದಾರಿ ಬಿಟ್ಟ ಹಾಗೆ.

ಬೆಳಿಗ್ಗೆ ಶಟರ್ ಎತ್ತಿದಾಗ ಅಲ್ಲಿನ ಪರ್ಸಿಗಳು ಒದ್ದೆಯಾಗಿರುತ್ತಿದ್ದವು. ತಗಡು ಸೋರುತ್ತಿದೆಯೆಂದು ರಿಪೇರಿಯವನನ್ನು ಕರೆಸಿ ಮೇಲೆ ಹತ್ತಿಸಿದೆ. ತೂತು ಇರಲಿಲ್ಲ. ಮಳೆಗಾಲದಲ್ಲಿ ಈ ಕಲ್ಲು ಬೆವರುತ್ತದೆ ಎಂದು ಮಾಣಿಕಪ್ಪ ಹೇಳಿದರು. ಅದು ನಿಜ. ಆದರೆ ಅದೇ ಗಣಿಯ, ಅದೇ ದಪ್ಪದ ಉಳಿದ ಕಲ್ಲುಗಳು ಒಣಗಿಯೇ ಇದ್ದವು. ಅವರು ಅದನ್ನು ನೋಡಿದರೂ ನೋಡದವರಂತೆ ಬೀಡಿ ಹುಡುಕಿಕೊಂಡು ಹೊರಗೆ ಹೋದರು.

ಪ್ರತಿಯೊಬ್ಬರೂ ತಮ್ಮ ಮನೆಯೊಳಗೆ ನಿಂತು ಆ ಮನೆಯ ಬಗ್ಗೆ ಹೇಳುವುದನ್ನು ನಾನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಶರಣಮ್ಮನ ಸರದಿ ಬಂದಾಗ ಮಳೆ ನಿಂತಿತ್ತು. ತೊಲೆ, ಗೂಡು, ಬೀಸುವ ಕಲ್ಲು ಎಂದು ಅವರು ನಿಧಾನವಾಗಿ ಹೇಳಿದರು, ನಾನು ಎದುರಿಗೆ ಕೂತಿದ್ದೆ. ಆಗ ವಿಶೇಷವೇನೂ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಬಾಡಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತ, ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಆ ರೆಕಾರ್ಡಿಂಗ್ ಕೇಳಿದೆ. ಮಾತಿನ ನಡುನಡುವೆ ಅವರು ನಿಲ್ಲುತ್ತಿದ್ದರು. ಒಬ್ಬರು ಏನೋ ಕೇಳುವಷ್ಟು ಹೊತ್ತು ಸುಮ್ಮನಿದ್ದು, "ಹ್ಞೂಂ" ಅನ್ನುತ್ತಿದ್ದರು. ಮತ್ತೆ ಮಾತು ಮುಂದುವರಿಸುವರು. ಐದಾರು ಕಡೆ ಹೀಗೇ ಇತ್ತು. ಆ ಬಿಡುವಿನಲ್ಲಿ ಬೇರೆ ದನಿಯೇನೂ ಇರಲಿಲ್ಲ. ನಾನು ಏನನ್ನೂ ಕೇಳಿರಲಿಲ್ಲ. ಆಗ ನೆನಪಾಯಿತು: ಪ್ರತಿ ಸಲ ಹ್ಞೂಂ ಅನ್ನುವಾಗಲೂ ಅವರ ಮುಖ ನನ್ನ ಕಡೆ ಇರಲಿಲ್ಲ, ಬಲಗಡೆಗಿತ್ತು. ಖಾಲಿ ಜಾಗದ ಕಡೆಗೆ. ಚಹಾ ಆರಿತು. ನಾನು ಅದನ್ನು ಎರಡನೆಯ ಸಲ ಕೇಳಲಿಲ್ಲ.

ಶ್ರಾವಣದ ಮೊದಲ ವಾರ ಮೇಡಂ ನೋಡಲು ಬಂದರು. ಅವರು ಕೆಟ್ಟವರಲ್ಲ, ಮುದುಕಿಯರ ಪಕ್ಕ ನೆಲದ ಮೇಲೆ ಕೂತು ರೊಟ್ಟಿ ತಿಂದರು. ಆದರೆ ಆ ಖಾಲಿ ಜಾಗ ಕಂಡಕೂಡಲೇ ಅವರ ಕಣ್ಣು ಬೆಳಗಿತು. ಇಡೀ ಪ್ರದರ್ಶನದ ಜೀವ ಇಲ್ಲಿದೆ ಎಂದರು. ಮೇಲಿನಿಂದ ಒಂದು ದೀಪ ಇಳಿಬಿಡಬೇಕು, ಕೆಳಗೆ ಒಂದು ಫಲಕ ತೂಗುಹಾಕಬೇಕು, ಅದರ ಮೇಲೆ 'ಹೆಸರಿಲ್ಲದ ಮನೆ' ಎಂದು ಬರೆಯಬೇಕು. ಊರಿನವರನ್ನು ಕೇಳಿ ನೋಡೋಣ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅದು ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಶನಿವಾರ ಏಣಿ ಹಾಕಿಸಿ, ಸುಂದರವಾದ ಅಕ್ಷರದಲ್ಲಿ ಮೂರು ಭಾಷೆಯಲ್ಲಿ ಬರೆದು ತೂಗುಹಾಕಿದೆ. ಅಲ್ಲಿದ್ದ ನಾಲ್ಕು ಹೆಂಗಸರು ಅದನ್ನು ಓದಿಸಿಕೊಂಡು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನಾನು ಭಾನುವಾರಕ್ಕೆಂದು ಜಹೀರಾಬಾದಿಗೆ ಹೋದೆ.

ಸೋಮವಾರ ಶಟರ್ ಎತ್ತಿದಾಗ ಓಣಿ ಇರಲಿಲ್ಲ. ನೆಲ ಒರೆಸಿ ತೊಳೆದ ಹಾಗಿತ್ತು. ಒಂದು ಗೆರೆಯೂ ಉಳಿದಿರಲಿಲ್ಲ. ಮೂಲೆಯಲ್ಲಿ ಹಿಂಡಿ ಒಣಗಲು ಹಾಕಿದ ಬಟ್ಟೆಗಳು, ಒಂದೊಂದು ಮನೆಯದು ಒಂದೊಂದು, ಸಾಲಾಗಿ. ಬೀಗ ಒಡೆದಿರಲಿಲ್ಲ. ಯಾರೋ ಒಬ್ಬರು ಬಂದು ಹಾಳುಮಾಡಿದ್ದಲ್ಲ ಅದು. ಪ್ರತಿಯೊಂದು ಮನೆಯವರೂ ಬಂದು ತಮ್ಮ ಮನೆಯನ್ನು ತಾವೇ ಅಳಿಸಿ ಹೋಗಿದ್ದರು. ನಡುವೆ ನನ್ನ ಫಲಕವೊಂದೇ ಗಾಳಿಗೆ ತಿರುಗುತ್ತಿತ್ತು. ನಾನು ಅದನ್ನೂ ಅದರ ತಂತಿಯನ್ನೂ ಬಿಚ್ಚಿ ತೆಗೆದೆ. ಹೊರಗೆ ಬರುವಾಗ ಒಂದು ಕಡೆ ನನ್ನ ಕಾಲು ತಾನಾಗಿ ಸುತ್ತು ಹಾಕಿತು. ನೆಲದ ಮೇಲೆ ಗುರುತೇ ಇರಲಿಲ್ಲ, ಆದರೂ ನಾನು ಆ ಹತ್ತು ಮೊಳವನ್ನು ಬಿಟ್ಟು ನಡೆದಿದ್ದೆ. ಅದು ಅರಿವಾಗಿ, ಹಗಲು ಹನ್ನೊಂದು ಗಂಟೆಯ ಬೆಳಕಿನಲ್ಲಿ ನಿಂತು ಹಿಂದಿರುಗಿ ನೋಡಿದೆ.

ನೇರ ಶರಣಮ್ಮನ ಮನೆಗೆ ಹೋದೆ. ಬಾಗಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಆಯಿ, ತಪ್ಪಾಯಿತು ಎಂದೆ. ಅವರು ಮೊರ ಪಕ್ಕಕ್ಕಿಟ್ಟರು.

"ಹೆಸರಿಲ್ದ ಮನಿ ಅಂತ ಬರದೀ. ಆ ಮನ್ಯಾಗಿದ್ದಾಕಿಗಿ ಹೆಸರ ಅದ ಯವ್ವಾ. ಕಾಶಮ್ಮ."

ಕಾಶಮ್ಮ ಗಂಡನಿಲ್ಲದ, ಮಕ್ಕಳಿಲ್ಲದ, ಕಾಲುನೋವಿನ ವಯಸ್ಸಾದ ಹೆಂಗಸು. ಒಂದು ಆಕಳು ಕಟ್ಟಿಕೊಂಡು, ಹಾಲು ಮಾರಿ ಬದುಕಿದ್ದಳು. ಶರಣಮ್ಮನ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಊರು ಬಿಡುವ ದಿನ ಎಲ್ಲರೂ ಟ್ರ್ಯಾಕ್ಟರಿನ ಮೇಲೆ ಸಾಮಾನು ಹೇರಿಕೊಂಡು ಹೊರಟರೆ ಅವಳು ಕಟ್ಟೆಯ ಮೇಲೆ ಕೂತೇ ಇದ್ದಳು. ಆಕಳು ಇಂದೋ ನಾಳೆಯೋ ಕರು ಹಾಕುವಂತಿತ್ತು. ಕರು ಹಾಕಿದ ಮೇಲೆ ಬರುತ್ತೇನೆ, ನಾಳೆ ಬಂದು ಕರೆದುಕೊಂಡು ಹೋಗು ಎಂದಳು. ಶರಣಮ್ಮ ಹ್ಞೂಂ ಎಂದರು. ಆ ಸಂಜೆ ಮಳೆ ಹಿಡಿಯಿತು. ದಾರಿಯ ಹಳ್ಳ ತುಂಬಿ ಹರಿಯಿತು. ನಾಲ್ಕನೆಯ ದಿನ ಶರಣಮ್ಮ ಮಾಣಿಕಪ್ಪನನ್ನು ಕರೆದುಕೊಂಡು ಹೋದರು.

ಇಲ್ಲಿಗೆ ಬಂದು ಅವರು ನಿಲ್ಲಿಸಿದರು. ನನ್ನನ್ನೇ ನೋಡುತ್ತ ಹೇಳಿದರು: "ಹಳ್ಳ ಎರಡನೇ ದಿನಕ್ಕ ಇಳಿದಿತ್ತು. ನಾ ಹೋಗಲಿಲ್ಲ. ಹೊಸ ಮನ್ಯಾಗ ಒಲಿ ಎಲ್ಲಿ ಹೂಡಲಿ ಅಂತ ನೋಡ್ಕೋತ ಕುಂತಿದ್ದೆ."

ಅವರು ಹೋದಾಗ ಕಾಶಮ್ಮನ ಮನೆಯೂ ಇರಲಿಲ್ಲ, ಆಕಳೂ ಇರಲಿಲ್ಲ. ಗಣಿಯ ಅಂಚು ಕುಸಿದು ಅರ್ಧ ಓಣಿ ಗುಂಡಿಗೆ ಇಳಿದಿತ್ತು, ಕೆಳಗೆ ನೀರು. ಉಳಿದ ಅಂಚಿನಲ್ಲಿ ಒಂದು ಹುಣಸೆಯ ಬೊಡ್ಡೆಗೆ ಕರುವೊಂದನ್ನು ಕಟ್ಟಿತ್ತು. ಅದರ ಮೈ ಒರೆಸಿ ಒಣಗಿಸಿತ್ತು. ಚಳಿಗೆಂದು ಮೇಲೆ ಹೊದೆಸಿದ್ದು ಕಾಶಮ್ಮನ ಸೀರೆಯ ತುಂಡು. ಅಂದರೆ ಕರು ಹುಟ್ಟುವವರೆಗೂ ಅವಳಿದ್ದಳು. ಹೊರಡಲು ಸಿದ್ಧಳಾಗಿ ಕಾದಿದ್ದಳು.

ಯಾರೂ ಗುಂಡಿಯಲ್ಲಿ ಹುಡುಕಲಿಲ್ಲ. ಪೊಲೀಸರು ಬಂದರೆ ಕಾಲನಿಯ ಜಾಗ ಕೈತಪ್ಪುತ್ತದೆಂದು ಎಲ್ಲರಿಗೂ ಭಯ. ಕಾಶಮ್ಮ ನಾರಾಯಣಖೇಡಿನ ತಂಗಿಯ ಮನೆಗೆ ಹೋದಳು ಎಂದು ಹೇಳುವುದೆಂದು ಊರು ಒಪ್ಪಿತು. ವರ್ಷದ ಮೇಲೆ ತಂಗಿಯೇ ಅಕ್ಕ ಎಲ್ಲಿ ಎಂದು ಹೇಳಿ ಕಳಿಸಿದಾಗ, ಯಾತ್ರೆಯವರ ಜೊತೆ ಬೀದರಿನ ಕಡೆ ಹೊರಟುಹೋದಳು ಎಂದರು.

ಎದ್ದು ಬರುವಾಗ ಕೇಳದೆ ಇರಲಾಗಲಿಲ್ಲ. ಅವತ್ತು ಯಾರಿಗೆ ಹ್ಞೂಂ ಅಂದಿರಿ ಆಯಿ ಎಂದೆ.

"ಆಕೀ ಕೇಳ್ತಾಳ," ಎಂದರು ಶರಣಮ್ಮ, ಮತ್ತೆ ಮೊರ ಎತ್ತಿಕೊಳ್ಳುತ್ತ. "ಯಾವಾಗ ಬರ್ತಿ ಅಂತ."

ಬೇಳೆ ಆರಿಸುತ್ತ, ನಾರಾಯಣಖೇಡಿನಲ್ಲಿ ಅವಳ ತಂಗಿ ಗಂಗಮ್ಮನ ಮನೆಯಿದೆ, ಗಂಡ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ, ಹೋಗಿ ಅವರನ್ನು ಕರೆದುಕೊಂಡು ಬಾ ಎಂದರು. ಅಲ್ಲಿಯವರೆಗೆ ಈ ಕಾಲನಿಯಲ್ಲಿ ಯಾರೂ ಸೀಮೆಸುಣ್ಣ ಮುಟ್ಟುವುದಿಲ್ಲ ಎಂದೂ ಹೇಳಿದರು.

ಜಹೀರಾಬಾದಿನಲ್ಲಿ ಬಸ್ಸು ಬದಲಿಸಿಕೊಂಡು ಹೋದೆ. ನಾರಾಯಣಖೇಡಿನ ಮಾರ್ಕೆಟ್ಟಿಗೆ ಆಗ ಹೊಸ ಹೆಸರುಕಾಳು ಬರುತ್ತಿತ್ತು. ಗಂಗಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅವಳ ಮಗಳು ಮಹಾನಂದಾ ಒಂದು ಅಂಗಡಿಯ ಮುಂದೆ ಕಾಳು ಜರಡಿ ಹಿಡಿಯುತ್ತಿದ್ದಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಚೀಲಗಳ ಹಿಂದೆ ಕೂತು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಅವಳು ಜರಡಿ ಕೆಳಗಿಡದೆ ಕೇಳಿದಳು. ದೊಡ್ಡವ್ವನ ಊರನ್ನು ತಾನು ನೋಡಿಯೇ ಇಲ್ಲ, ದಸರಾಕ್ಕೆ ಅವಳೇ ಇಲ್ಲಿಗೆ ಬರುತ್ತಿದ್ದಳು, ಗಡಿಗೆಯಲ್ಲಿ ಬೆಣ್ಣೆ ತರುತ್ತಿದ್ದಳು ಎಂದಳು. ಆಮೇಲೆ ಒಂದೇ ಮಾತು ಹೇಳಿದಳು.

"ನಮ್ಮವ್ವ ಸಿಟ್ಟಿನ್ಯಾಗ ಸತ್ತಳ್ರಿ. ಅಕ್ಕ ಬೀದರಿನ ತನಕ ಹೋದಳು, ನನ್ನ ಮನಿ ದಾರಿ ಆಕಿಗಿ ಕಾಣಲಿಲ್ಲ ಅಂತ."

ಆ ಸಂಜೆ ಬಸ್ ನಿಲ್ದಾಣದಿಂದ ಮೇಡಂಗೆ ಫೋನ್ ಮಾಡಿದೆ. ಫಲಕ ತೆಗೆದಿದ್ದೇನೆ, ಕಲ್ಲು ಹೈದರಾಬಾದಿಗೆ ಬರುವುದಿಲ್ಲ ಎಂದೆ. ಕಾರಣ ಹೇಳಿದೆ. ಅವರು, ಹಾಗಾದರೆ ಜನಕ್ಕೆ ಏನು ತೋರಿಸುವುದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಬೈಯಲಿಲ್ಲ. ಆದರೆ ಮುಂದೆ ನನಗೆ ಅಂಥ ಕೆಲಸ ಕೊಡಲೂ ಇಲ್ಲ. ಮುಂದಿನ ವರ್ಷ ನಾನು ಆ ಸಂಸ್ಥೆ ಬಿಟ್ಟೆ.

ಭಾನುವಾರ ಮಹಾನಂದಾ ಬಂದಳು. ಬಸ್ಸಿಳಿದ ಅವಳನ್ನು ನಾನೇ ಶೆಡ್ಡಿಗೆ ಕರೆತಂದೆ. ಕಾಲನಿಯವರೆಲ್ಲ ಗೋಡೆಗುಂಟ ಸಾಲಾಗಿ ನಿಂತಿದ್ದರು. ನಡುವೆ ಬೋಳು ನೆಲ. ನಾನು ಅವಳಿಗೆ ಖಾಲಿ ಜಾಗದ ಸಂಗತಿ ಹೇಳಿದ್ದೆ, ಆದರೆ ಅದು ಎಲ್ಲಿತ್ತೆಂದು ಹೇಳಿರಲಿಲ್ಲ, ತೋರಿಸಲು ಗುರುತೂ ಇರಲಿಲ್ಲ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ನೇರ ನಡೆದಳು, ಒಂದು ಕಡೆ ಎಡಕ್ಕೆ ಹೊರಳಿದಳು, ತಗ್ಗಿನ ಬಾಗಿಲಲ್ಲಿ ಹೋಗುವವಳಂತೆ ತಲೆ ತಗ್ಗಿಸಿ ಎರಡು ಹೆಜ್ಜೆ ಇಟ್ಟು, ಆಯಾಸವಾದವರ ಹಾಗೆ ಕುಳಿತುಬಿಟ್ಟಳು. ಪಕ್ಕದಲ್ಲಿದ್ದ ಶರಣಮ್ಮ ನನ್ನ ಮಣಿಕಟ್ಟು ಹಿಡಿದರು. ಆಮೇಲೆ ನನ್ನ ಪುಸ್ತಕದಲ್ಲಿದ್ದ ನಕ್ಷೆ ತೆರೆದು ಗೋಡೆಯಿಂದ ಕಲ್ಲು ಎಣಿಸಿದೆ. ಅವಳು ಕೂತದ್ದು ಆ ಹತ್ತು ಮೊಳದ ಒಳಗೇ.

ಶರಣಮ್ಮ ಅವಳ ಎದುರು ಹೋಗಿ ಕೂತು, ನನಗೆ ಹೇಳಿದ್ದನ್ನೆಲ್ಲ ಎಲ್ಲರ ಮುಂದೆ ಹೇಳಿದರು. ಹಳ್ಳ ಎರಡನೆಯ ದಿನ ಇಳಿದದ್ದನ್ನೂ ಬಿಡಲಿಲ್ಲ. ಮಾಣಿಕಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮುಗಿದ ಮೇಲೆ ಮಹಾನಂದಾ ನೆಲದ ಕಲ್ಲಿನ ಮೇಲೆ ಕೈಯಾಡಿಸಿದಳು. ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ.

"ಕರುವಿಗಿ ಏನಂತ ಹೆಸರಿಟ್ರಿ?" ಎಂದಳು.

"ಕಾಶಿ," ಎಂದರು ಶರಣಮ್ಮ. ಅದು ಹನ್ನೆರಡು ವರ್ಷ ತಮ್ಮ ಮನೆಯಲ್ಲೇ ಇತ್ತು, ತಾವೇ ಮಣ್ಣು ಮಾಡಿದ್ದು ಎಂದರು. ಆಗ ಮಹಾನಂದಾ ಅತ್ತಳು. ಅವಳ ಜೊತೆ ಹೆಂಗಸರೆಲ್ಲ ಅತ್ತರು. ಹದಿನೆಂಟು ವರ್ಷ ತಡವಾದ ಆ ಅಳು ತಗಡಿನ ಶೆಡ್ಡಿನಲ್ಲಿ ಎಷ್ಟು ಹೊತ್ತು ತುಂಬಿಕೊಂಡಿತ್ತೋ ನಾನು ಹೇಳಲಾರೆ.

ಆಮೇಲೆ ಶರಣಮ್ಮ ಸೀಮೆಸುಣ್ಣ ತೆಗೆದುಕೊಂಡು, ಮಹಾನಂದಾ ಕೂತಿದ್ದ ಹಾಗೆಯೇ ಅವಳ ಸುತ್ತ ಕಾಶಮ್ಮನ ಮನೆ ಬರೆದರು. ಅದು ಮುಗಿದ ನಂತರ ಉಳಿದವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮನೆ ಬರೆದರು. ಫಲಕ ಯಾರೂ ಕೇಳಲಿಲ್ಲ. ನಾನೂ ಬರೆಯಲಿಲ್ಲ. ದೀಪಾವಳಿಯವರೆಗೆ ಆ ನೆಲ ಹಾಗೇ ಇತ್ತು, ಸುತ್ತಲ ಹಳ್ಳಿಗಳಿಂದ ಜನ ಬಂದು ನೋಡಿಹೋದರು. ಒಂದು ದಿನ ಮೇಡಂ ಕೂಡ ಯಾರಿಗೂ ತಿಳಿಸದೆ ಬಂದು, ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು ಹೋದರೆಂದು ಮಾಣಿಕಪ್ಪ ಹೇಳಿದರು. ಕಾಶಮ್ಮನ ಮನೆಯ ಕಲ್ಲು ಮಾತ್ರ ಆ ಭಾನುವಾರದ ನಂತರ ಒದ್ದೆಯಾಗಲಿಲ್ಲ. ಮಳೆ ಕಡಿಮೆಯಾಗಿತ್ತು, ಅದೂ ನಿಜ.

ಅದೇ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮಹಾನಂದಾ ಗುಂಡಿ ನೋಡಬೇಕು ಎಂದಳು. ಕರು ಸಿಕ್ಕ ಆ ದಿನದ ನಂತರ ಆ ಕಡೆ ಹೆಜ್ಜೆ ಇಡದವರೇ ಎಲ್ಲರೂ. ಆದರೂ ಹೊರಟರು. ಒಡೆದ ಕಲ್ಲಿನ ರಾಶಿಗಳ ನಡುವೆ ಕಾಲುದಾರಿಯಲ್ಲಿ ಮೂವತ್ತು ನಲವತ್ತು ಜನ ನಡೆದೆವು. ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ. ಗುಂಡಿಯ ಗೋಡೆಗಳು ಪದರು ಪದರಾಗಿ ಕೆಳಗಿಳಿದು ನೀರಿನಲ್ಲಿ ಮುಳುಗಿದ್ದವು. ಆ ನೀರಿನ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

ಶರಣಮ್ಮ ಅಂಚಿಗೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹೋಗಿ, ಪಕ್ಕದ ಮನೆಯವರನ್ನು ಕರೆಯುವ ದನಿಯಲ್ಲೇ ಕರೆದರು.

"ಕಾಶಮ್ಮಾ, ತಡಾ ಆತವ್ವ. ನಿನ್ನ ತಂಗಿ ಮಗಳು ಬಂದಾಳ. ನಡೀ, ಹೋಗಾಮು."

ದನಿ ಎದುರಿನ ಕಲ್ಲಿಗೆ ತಾಗಿ ಮರಳಿ ಬಂತು. ಆಮೇಲೆ ಏನೂ ಇಲ್ಲ. ನಾವು ನಿಂತೆವು. ಮನೆಯ ಬಾಗಿಲು ಹಾಕಿ, ಗಂಟು ಎತ್ತಿಕೊಂಡು, ವಯಸ್ಸಾದ ಹೆಂಗಸೊಬ್ಬಳು ಏರಿ ಹತ್ತಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತೆವು. ಕೊನೆಗೆ ಶರಣಮ್ಮ ನಮ್ಮ ಕಡೆ ತಿರುಗಿದರು. ಮುಖದಲ್ಲಿ ಅಳುವಿರಲಿಲ್ಲ.

"ಬಂದಳು," ಎಂದರು. "ನಡೀರಿ."

ಎಲ್ಲರೂ ಮರಳಿ ದಾರಿ ಹಿಡಿದರು. ಮಹಾನಂದಾ ನನ್ನ ಮುಂದೆಯೇ ಇದ್ದಳು. ಸ್ವಲ್ಪ ದೂರ ಹೋದ ಮೇಲೆ ಅವಳು ಹೆಜ್ಜೆ ನಿಧಾನ ಮಾಡಿದಳು, ಕಾಲುನೋವಿರುವ ಹಿರಿಯರ ಜೊತೆ ನಡೆಯುವಾಗ ನಾವು ಮಾಡುವ ಹಾಗೆ, ಮತ್ತು ಕಾಲನಿ ಬರುವವರೆಗೂ ಹಾಗೇ ನಡೆದಳು.